ತೊಳೆಯದ ಸಾಲು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ನಿಜಕ್ಕೂ ಹಾಗೆ ಕರೆಯಬೇಕಾದವಳು ಒಬ್ಬಳೇ, ಅಕ್ಕನ ಮಗಳು. ಹತ್ತೊಂಬತ್ತರ ಆ ಹುಡುಗಿಗೆ ಹುಟ್ಟಿನಿಂದಲೇ ಒಂದು ತೊಂದರೆ. ಹಾಲು, ಮೊಟ್ಟೆ, ಬೇಳೆಯಲ್ಲಿರುವ ಒಂದು ಅಮೈನೋ ಆಮ್ಲವನ್ನು ಅವಳ ಮೈ ಅರಗಿಸಿಕೊಳ್ಳುತ್ತಿರಲಿಲ್ಲ. ಅದು ರಕ್ತದಲ್ಲಿ ಉಳಿದರೆ ಮಿದುಳಿಗೇ ಕುತ್ತು. ಹೀಗಾಗಿ ಅಳೆದು ಕಲಸಿದ ಔಷಧದ ಪುಡಿಯೇ ಅವಳ ಊಟ.

ಅದೇ ಆಮ್ಲವನ್ನು ಅಪಾಯವಿಲ್ಲದ ಬೇರೊಂದು ವಸ್ತುವಾಗಿ ಮಾರ್ಪಡಿಸುವ ಕಿಣ್ವ ಒಂದು ಬ್ಯಾಕ್ಟೀರಿಯಾದಲ್ಲಿತ್ತು. ಅದರ ಜೀನನ್ನು ಕರುಳಲ್ಲಿ ಬದುಕಬಲ್ಲ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅಲ್ಲಲ್ಲಿ ತಿದ್ದಿ, ಕಿಣ್ವವನ್ನು ಚುರುಕುಗೊಳಿಸುವುದು ಪ್ರಯೋಗಾಲಯ ನಡೆಸುತ್ತಿದ್ದ ಮೇಡಂ ಅವರ ಸಂಶೋಧನೆ. ಬೆಳೆಸುವುದು, ತೊಳೆಯುವುದು, ಯಂತ್ರಕ್ಕಿಟ್ಟು ಅಂಕಿ ಬರೆಯುವುದು ಚಿಕ್ಕಮ್ಮನ ಪಾಲಿನ ಕೆಲಸ. ಆರು ವರ್ಷದಲ್ಲಿ ಸಾವಿರದ ನಾನೂರು ತಿದ್ದುಪಡಿಗಳಾದವು. ಒಂದೂ ಜಪ್ಪಯ್ಯ ಅನ್ನಲಿಲ್ಲ. ಹನಿ ಅಳೆದು ಹಾಕುವ ಪಿಪೆಟ್ ಒತ್ತಿ ಒತ್ತಿ ಅವಳ ಹೆಬ್ಬೆರಳ ಗೆಣ್ಣು ಊದಿಕೊಂಡಿತ್ತು.

ಒಂದು ಮಂಗಳವಾರ ಮಾದರಿಗಳ ತಟ್ಟೆಯ ಕೊನೆಯ ಸಾಲಿನ ಅಂಕಿ ಎಂಟು ಪಟ್ಟು ಏರಿತು. ನಗುವುದೇ ಅಪರೂಪವಾಗಿದ್ದ ಮೇಡಂ ನಕ್ಕರು. ರೋಗಿಗಳಲ್ಲಿ ಪರೀಕ್ಷಿಸಲು ಕೇಳಿ ಆಸ್ಪತ್ರೆಯವರಿಗೆ ಪತ್ರ ಬರೆಯಲು ಕುಳಿತರು. ಸಂಜೆ ಚಿಕ್ಕಮ್ಮ ತಡೆಯಲಾರದೆ ಮನೆಯಲ್ಲಿ ಹೇಳಿಬಿಟ್ಟಳು. ಮೊದಲು ತಿನ್ನುವುದು ಮೊಟ್ಟೆಯೇ ಎಂದು ಹುಡುಗಿ ಅಲ್ಲೇ ತೀರ್ಮಾನಿಸಿದಳು.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದ ಕಪಾಟು ತೆಗೆದ ಚಿಕ್ಕಮ್ಮ ಬಾಟಲಿಗಳನ್ನು ಎರಡೆರಡು ಸಲ ನೋಡಿದಳು. ಒಂದು ಸುತ್ತಿನ ಕೆಲಸಕ್ಕೆ ತೊಳೆಯುವ ದ್ರಾವಣ ಎರಡು ಬಾಟಲಿ ಬೇಕು. ಎರಡನೆಯದರ ಮುಚ್ಚಳ ಇನ್ನೂ ಒಡೆದೇ ಇರಲಿಲ್ಲ. ಅಂದರೆ ಕೊನೆಯ ಸಾಲನ್ನು ಅವಳು ತೊಳೆದೇ ಇರಲಿಲ್ಲ. ಬ್ಯಾಕ್ಟೀರಿಯಾ ಬೆಳೆಸಿದ ರಸ ಅದರಲ್ಲೇ ಉಳಿದರೂ ಯಂತ್ರದ ಅಂಕಿ ಏರುತ್ತದೆ.

ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕುಳಿತಳು. ಸುಮ್ಮನಿದ್ದರೆ ಯಾರೂ ಅವಳತ್ತ ಬೆರಳು ತೋರಿಸುತ್ತಿರಲಿಲ್ಲ. ಆಮೇಲೆ ಎದ್ದು, ಕಾಲೆಳೆಯುತ್ತಾ ಮೆಟ್ಟಿಲು ಹತ್ತಿದಳು.

"ಮೇಡಂ, ಕೊನೇ ಸಾಲು ನಾನು ತೊಳೆದೇ ಇಲ್ಲ."

ಮೇಡಂ ಬರೆಯುತ್ತಿದ್ದ ಪತ್ರವನ್ನು ಪಕ್ಕಕ್ಕಿಟ್ಟರು. ಹೊರಗೆ ಯಾರಿಗಾದರೂ ಹೇಳಿದ್ದೀರಾ ಎಂದಷ್ಟೇ ಕೇಳಿದರು. ಆಗ ಚಿಕ್ಕಮ್ಮ ಅಕ್ಕನ ಮಗಳ ವಿಷಯ ಹೇಳಿದಳು. ಆರು ವರ್ಷದಲ್ಲಿ ಅದೇ ಮೊದಲು.

"ಮತ್ತೆ ಮಾಡೋಣ," ಎಂದರು ಮೇಡಂ. "ಈ ಸಲ ನಾನೂ ಜೊತೆಗಿರ್ತೀನಿ."

ಸರಿಯಾಗಿ ತೊಳೆದ ಮೇಲೆ ಎಂಟು ಪಟ್ಟು ಹೋಗಿ ಎರಡು ಪಟ್ಟು ಚಿಲ್ಲರೆ ಉಳಿಯಿತು. ಆರು ವರ್ಷದಲ್ಲಿ ಅದೇ ದೊಡ್ಡದು. ಔಷಧವಾಗಲು ಎಲ್ಲಿಗೂ ಸಾಲದು. ಪತ್ರ ಹೋಗಲಿಲ್ಲ.

ಮನೆಯಲ್ಲಿ ಹುಡುಗಿ ಪುಡಿ ಕಲಸುತ್ತಾ ಎಲ್ಲ ಕೇಳಿಸಿಕೊಂಡಳು.

"ಸೊನ್ನೆ ಅಂತೂ ಅಲ್ವಲ್ಲ ಚಿಕ್ಕಮ್ಮ?"

"ಅಲ್ಲ."

"ಸರಿ, ಹೋಗಿ ಮಲಕ್ಕೋ. ಮುಖ ನೋಡೋಕಾಗ್ತಿಲ್ಲ."

ಚಿಕ್ಕಮ್ಮ ಊಟ ಮಾಡದೆ ಮಲಗಿದಳು.

ಸೋಮವಾರ ಆ ಸಾಲಿನಿಂದಲೇ ಹೊಸ ತಿದ್ದುಪಡಿ ಶುರುವಾಯಿತು. ವಾರಕ್ಕೆರಡು ಮಧ್ಯಾಹ್ನ ಮೇಡಂ ತಾವೇ ಪಿಪೆಟ್ ಹಿಡಿದರು. ಅವರಿಗೆ ಅಭ್ಯಾಸ ಬಿಟ್ಟುಹೋಗಿತ್ತು, ಹನಿ ತಪ್ಪುತ್ತಿತ್ತು. ಚಿಕ್ಕಮ್ಮ ಅವರು ಹೋದ ಮೇಲೆ ಅಷ್ಟನ್ನೂ ಮತ್ತೆ ಮಾಡಿಡುತ್ತಿದ್ದಳು.