ಮದ್ದು ತುಂಬುವಾಗ ಮಾತಿಲ್ಲ

ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಬಾಯಿ ಬೇಕು, ಒಪ್ಪಿಕೊಳ್ಳೋಣ. ಆದರೆ ರೇಡಿಯೋಗೆ ಇದ್ದಷ್ಟು ಬೇಕಿರಲಿಲ್ಲ. ಡಿಪೋದವರು ಇಟ್ಟ ಈ ಹೆಸರಿಗೆ ಅವನು ಬೇಜಾರು ಮಾಡಿಕೊಂಡವನಲ್ಲ. ರೇಡಿಯೋಗಾದರೂ ಆಫ್ ಮಾಡಲು ಸ್ವಿಚ್ಚು ಇರುತ್ತದೆ ಎಂದು ತನ್ನನ್ನು ತಾನೇ ಮೊದಲು ಆಡಿಕೊಳ್ಳುತ್ತಿದ್ದ, ಬೇರೆಯವರಿಗೆ ಆ ಸುಖ ಸಿಗದ ಹಾಗೆ. ಇಂಥವನು ಅಳಿಯನಾದದ್ದು ಗಡಿಯಾರ ರಿಪೇರಿಯವರ ಮನೆಗೆ. ಮಾವನ ಅಂಗಡಿಯಲ್ಲಿ ಸದ್ದು ಮಾಡುವುದು ಗಡಿಯಾರಗಳು ಮಾತ್ರ.

ಅಂಗಡಿಯ ಹಿಂದಿನ ಕೋಣೆಯ ಗೋಡೆಯ ಮೇಲೊಂದು ಹಳೇ ಕೋವಿ. ಅದರ ನಳಿಗೆಯ ಬಾಯಿ ಎಷ್ಟು ಅಗಲವೆಂದರೆ ಅಳಿಯನ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಒಮ್ಮೆ ಹೋಗಿ ಸಿಕ್ಕಿಹಾಕಿಕೊಂಡೂ ಇತ್ತು. ಇಷ್ಟು ದಪ್ಪ ನಳಿಗೆ ಯಾಕೆ, ಇದನ್ನು ಯಾರು ಹೊಡೆಯುತ್ತಿದ್ದರು ಎಂದು ಕೇಳಿದ್ದಕ್ಕೆಲ್ಲ ಮಾವ ಭೂತಗನ್ನಡಿಯಿಂದ ಕಣ್ಣು ತೆಗೆಯದೆ 'ಹೂಂ' ಎಂದಿದ್ದರು. ಆ 'ಹೂಂ' ಅವನ ತಲೆಯೊಳಗೆ ಹುಳ ಬಿಟ್ಟಂತಾಯಿತು. ರಜೆ ಬಂದಾಗಲೆಲ್ಲ ಆ ಕೋವಿ ಹೊತ್ತ ಮಾವನ ಹಿಂದೆ, ಇಂಥ ಹಳೇ ಕೋವಿಗಳಿಂದ ಗುರಿ ಹೊಡೆಯುವವರ ಮೈದಾನಕ್ಕೆ ಹೊರಟ.

ಕೋವಿ ತುಂಬುವುದು ನೋಡಲು ಮಕ್ಕಳಾಟ. ನಳಿಗೆಗೆ ಅಳೆದ ಕರಿಮದ್ದು ಸುರಿಯಬೇಕು. ಜಿಡ್ಡು ಸವರಿದ ಬಟ್ಟೆಯ ಚೂರಿನಲ್ಲಿ ಗೋಲಿಯಂಥ ಸೀಸದ ಗುಂಡನ್ನಿಟ್ಟು ಕೋಲಿನಿಂದ ತಳದವರೆಗೆ ಒತ್ತಬೇಕು. ಕೊನೆಗೆ ಹೊರಗಡೆ, ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಮುಟ್ಟಿಸುವ ಕೇಪು. ಮಾತಾಡುತ್ತ ತುಂಬುವವನು ಮೊದಲನೆಯದನ್ನೇ ಮರೆಯುತ್ತಾನೆ. ಆಮೇಲೆ ಕೋವಿಯ ಕುದುರೆ ಎಳೆದರೆ ಕೇಪು ಟಪ್ ಎನ್ನುತ್ತದೆ ಅಷ್ಟೆ. ಗುಂಡು ತಳ ಕಚ್ಚಿ ಕೂತಿರುತ್ತದೆ, ಗುರಿಗಾರರ ಇಡೀ ಸಾಲು ತಿರುಗಿ ನೋಡುತ್ತದೆ. ರೇಡಿಯೋ ಹೀಗೆ ಎರಡು ಸಲ ಮಾನ ಕಳೆದುಕೊಂಡಿದ್ದ. ಅದರಲ್ಲೊಂದು ಸಲ ಅವನು ಪಕ್ಕದವರಿಗೆ ಮದ್ದಿನ ಮಹತ್ವವನ್ನೇ ವಿವರಿಸುತ್ತಿದ್ದ.

ಎರಡನೆಯದಾದ ಮೇಲೆ ಮಾವ ಬಾಯಿ ಬಿಟ್ಟರು. "ತುಂಬುವಾಗ ಮಾತು ಬೇಡ. ಇನ್ನೊಂದ್ಸಲ ಹೀಗಾದ್ರೆ ಇದನ್ನ ಮುಟ್ಟಬೇಡ."

ಮುಂದಿನ ರಜೆಯಲ್ಲಿ ರೇಡಿಯೋ ತುಟಿ ಕಚ್ಚಿಕೊಂಡು ಕೋವಿ ಹಿಡಿದ. ಹೊಸದಾಗಿ ಸೇರಿದ್ದ ಔಷಧಿ ಅಂಗಡಿಯವರು ಪಕ್ಕಕ್ಕೇ ಬಂದು ನಿಂತು, ಬಟ್ಟೆ ಯಾಕೆ, ಜಿಡ್ಡು ಯಾತರದು ಎಂದು ಶುರು ಮಾಡಿದರು. ಒಂದೊಂದು ಉತ್ತರವೂ ಅವನ ಗಂಟಲವರೆಗೆ ಬಂದು ವಾಪಸ್ಸು ಹೋಯಿತು. ಕೊನೆಗೆ ಅವರು ಮಾವನ ಕಡೆ ತಿರುಗಿ, ಕೋವಿ ನಿಮ್ಮ ತಂದೆಯವರದಾ ಎಂದರು.

"ನನ್ನ ಹೆಂಡತೀದು," ಎಂದರು ಮಾವ. "ಹೊಡೀತಿದ್ದದ್ದೂ ಅವಳೇ."

ರೇಡಿಯೋನ ಕೈ ಗುಂಡು ಒತ್ತುತ್ತಲೇ ಇತ್ತು. ಕಿವಿ ಮಾತ್ರ ಎದ್ದು ಮಾವನ ಪಕ್ಕ ಹೋಗಿ ಕುಳಿತಿತ್ತು. ತೀರಿಕೊಂಡಿದ್ದ ಅತ್ತೆಯನ್ನು ಅವನು ಫೋಟೋದಲ್ಲಷ್ಟೇ ಕಂಡವನು: ಹೊಲಿಗೆ ಯಂತ್ರದ ಮುಂದೆ, ಕುತ್ತಿಗೆಗೆ ಅಳತೆ ಟೇಪು. ಗುಂಡು ತಳ ಮುಟ್ಟಿದ ಮೇಲೆ ಕೈ ಕೋಲಿನ ಮೇಲೇ ನಿಂತಿತು. ಮದ್ದು ಹಾಕಿದೆನಾ?

ಹಾಕಿದ ನೆನಪೇನೋ ಇತ್ತು. ಅದು ಹೋದ ಸಲದ ನೆನಪೂ ಇರಬಹುದು. ಮದ್ದು ಇದ್ದರೆ ಕೋಲಿನ ಮೇಲಿನ ಗೆರೆ ನಳಿಗೆಯ ಬಾಯಿಗೆ ಸಮ ನಿಲ್ಲಬೇಕು. ಬಗ್ಗಿ ನೋಡಿದ. ಗೆರೆ ಒಳಗೆ ಮುಳುಗಿತ್ತು.

ಮಾವ ಕೇಪಿನ ಡಬ್ಬಿ ಚಾಚಿದರು. ಸುಮ್ಮನೆ ಹೊಡೆದು, ಕೇಪು ಸರಿಯಿಲ್ಲ, ಮದ್ದಿಗೆ ತೇವ ಹಿಡಿದಿದೆ ಎಂದು ಏನಾದರೂ ಕತೆ ಕಟ್ಟಬಹುದಿತ್ತು. ಟಿಕೆಟ್ ತಪಾಸಣೆಯವರ ಮುಂದೆ ಕಟ್ಟಿದ ಅನುಭವ ಅವನಿಗಿತ್ತು.

"ಮಾವ, ಮದ್ದು ಹಾಕಿಲ್ಲ."

ಮಾವ ಡಬ್ಬಿ ಮುಚ್ಚಿದರು. ಇನ್ನು ಕೋವಿ ಕಿತ್ತುಕೊಳ್ಳುತ್ತಾರೆಂದು ಅವನು ಹಿಡಿತ ಸಡಿಲಿಸಿದ. ಅವರು ಜೇಬಿನಿಂದ ಗುಂಡು ಕೀಳುವ ತಿರುಪು ತೆಗೆದು, ಕೋಲಿನ ತುದಿಗೆ ಸಿಕ್ಕಿಸಿ ಅವನ ಕೈಗೇ ಕೊಟ್ಟರು.

"ಟಪ್ ಅನ್ನೋಕೆ ಮುಂಚೆ ಹೇಳಿದ್ಯಲ್ಲ. ಮಾತಾಡಿದ್ದೂ ನಾನೇ. ಇದು ಲೆಕ್ಕಕ್ಕಿಲ್ಲ, ಕೀಳು."

ಒಂದೆರಡು ಸುತ್ತು ತಿರುಗಿಸಿ, ಕೀಳುವಾಗ ಮಾತಾಡಬಹುದಾ ಎಂದು ಅವನು ಮೆತ್ತಗೆ ಕೇಳಿದ. ಮದ್ದೇ ಇಲ್ಲವಲ್ಲ, ಆಡು ಎಂದರು ಮಾವ.

"ಅತ್ತೆ ತುಂಬುವಾಗ ಬಾಯಿ ಮುಚ್ಕೊಂಡೇ ಇರ್ತಿದ್ರಾ?"

ಮಾವ ನಕ್ಕದ್ದನ್ನು ಅವನು ಅದೇ ಮೊದಲ ಸಲ ಕಂಡ. "ಅವಳಾ? ಬೆಳಗ್ಗೆ ಶುರು ಮಾಡಿದ ಮಾತು ಗುಂಡು ಹಾರಿದ ಮೇಲೂ ಮುಗೀತಿರಲಿಲ್ಲ. ಆದ್ರೂ ಒಂದ್ಸಲಾನೂ ಮದ್ದು ಮರೆತವಳಲ್ಲ."

"ಮತ್ತೆ ನನ್ನ ಬಾಯಿಗ್ಯಾಕೆ ಬೀಗ?"

"ನೀನು ಅವಳಲ್ಲ," ಎಂದು ಮಾವ ಪಕ್ಕದ ಬೆಂಚಿನ ಮೇಲೆ ಕುಳಿತು, ಅವಳು ಮೊದಲ ಸಲ ಈ ಮೈದಾನಕ್ಕೆ ಬಂದ ದಿನದಿಂದ ಕತೆ ಶುರು ಮಾಡಿದರು. ತಿರುಪು ಸೀಸವನ್ನು ಕಚ್ಚಿತು. ರೇಡಿಯೋ ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಎಳೆಯತೊಡಗಿದ.