ನನ್ನಾಕಿ ಟೇಲರನ ಕಥಿಗೆ ಒತ್ತಿದ ಹೃದಯ

ನನ್ನ ಹೆಂಡ್ತಿ ಶಾಂತಾ ನನ್ನ ಕಥಿ ಅರ್ಧಕ್ಕ ಬಿಟ್ಟು, ಬಾದಾಮಿ ಟೇಲರ್ ಒಬ್ಬಾಂವನ ಕಥಿ ಪೂರ್ತಿ ಓದಿದ್ಲು.

ಅದೂ ನನ್ನ ಫೋನಿನ್ಯಾಗ. ಅದೂ ನಾ ಎದುರಿಗೆ ಮಗ್ಗದಾಗ ಕುಂತಾಗ...

ಗೊತ್ತಿಲ್ಲದವರಿಗೆ ಹೇಳ್ತೇನಿ. ನಾವೆಲ್ಲಾ ನೋಡ್ತಿದ್ದ ಸೀರಿಯಲ್ ಒಂದು ನಡುವ ನಿಂತು ಹೋತು. ಈಗ ಅದರ ಹೀರೋನ ಇಟ್ಕೊಂಡು ಮುಂದಿನ ಕಥಿ ನಾವ ಬರದು ಫೋನಿನ್ಯಾಗಿನ ಗ್ರೂಪಿಗೆ ಹಾಕ್ತೇವಿ. ನಾ ನಾಕನೇತ್ತಾ ತನಕ ಸಾಲಿ ಕಲತಾಂವ, ಬಾಯಿಲೆ ಹೇಳಿದ್ರ ಫೋನ್ ಬರಕೊಂತೈತಿ.

ಇಳಕಲ್ಲಿಗೆ ನಾನ ದೊಡ್ಡ ರೈಟರ್ ಅಂತ ತಿಳಕೊಂಡಿದ್ದೆ. ಗ್ರೂಪಿನ್ಯಾಗ ಇಳಕಲ್ಲಿನಾಂವ ನಾ ಒಬ್ಬನ, ಅದು ಬ್ಯಾರೆ ಮಾತು.

ನನ್ನ ಕಥಿ ಮೊದಲ ಓದಾಕಿ ಶಾಂತಾ. ಓದಿ ನಕ್ಕ ಮ್ಯಾಲನ ಗ್ರೂಪಿಗೆ ಹಾಕೂದು.

ಮೊನ್ನಿ ಸಸ್ಪೆನ್ಸ್ ಇರಲಿ ಅಂತ ಹೀರೋನ ಹೊಳಿಗೆ ಕೆಡವಿದೆ. ಅಲ್ಲಿಮಟ ಓದಿ, ಫೋನ್ ಡಬ್ಬ ಹಾಕಿ ಎದ್ದು ಹೋದ್ಲು. ಚಾ ಬಂತು, ಸಕ್ರಿ ಇರಲಿಲ್ಲ.

ಮರುದಿನ ಗ್ರೂಪಿನ್ಯಾಗ ಆ ಬಾದಾಮಿ ಟೇಲರ್ ಇಮಾಮಸಾಬನೂ ಅದ ಹೀರೋನ ನೀರಿಗೆ ಕೆಡವ್ಯಾನ. ಆದ್ರ ಕಥಿ ಮ್ಯಾಲ ಒಂದು ನೋಟ್...

"ಈ ಭಾಗದಾಗ ಹೀರೋ ನೀರಾಗ ಮುಳಗ್ತಾನ, ಕಡೀಕ ಬದಕ್ತಾನ. ತ್ರಾಸ ಆಗೋರು ಇದನ್ನ ಬಿಟ್ಟು ಮುಂದಿಂದು ಓದ್ರಿ. ನಿಮ್ಮ ಇಮಾಮಸಾಬ."

ನಿಮ್ಮ ಅಂತ. ಯಾರಿಗೆ ನಿಮ್ಮ?

ಶಾಂತಾ ಗಟ್ಟಿ ಕುಂತು ಕಡೀತನಕ ಓದಿದ್ಲು. "ಮೊದಲ ಹೇಳಿದ್ದು ಛಲೋ ಆತ್ರಿ ಅಣ್ಣಾ" ಅಂತ ಬರದು, ಒಂದು ಕೆಂಪು ಹೃದಯನೂ ಒತ್ತಿದ್ಲು. ಫೋನ್ ನಂದು. ಹಿಂಗಾಗಿ ಗ್ರೂಪಿನ್ಯಾಗ ಅವಂಗ ಹೃದಯ ಕೊಟ್ಟಾಂವ ನಾನ.

ಹೊಟ್ಟಿ ಉರೀತು ನೋಡ್ರಿ. ನಾನೂ ಆ ಹೊಳಿ ಕಥಿ ಮ್ಯಾಲ ಎಚ್ಚರಿಕಿ ಬರದು ಗ್ರೂಪಿಗೆ ಹಾಕಿದೆ... ಇದರಾಗ ಅತ್ತಿ ಅದಾಳ, ನಾಯಿ ಐತಿ, ಖಾರದ ಊಟ ಐತಿ, ಕರೆಂಟ್ ಹೋಗ್ತೈತಿ, ಹುಷಾರ್. ಮಂದಿ ಬಿದ್ದು ಬಿದ್ದು ನಕ್ಕರು.

ಶಾಂತಾ ನಗಲಿಲ್ಲ. "ಎಲ್ಲಾ ಬರದೀರಿ. ನೀರೊಂದು ಬರದಿಲ್ಲ ನೋಡ್ರಿ" ಅಂದ್ಲು.

ಆಗ ತಲ್ಯಾಗ ಹೊಕ್ತು.

ಆಕಿ ತಮ್ಮ ಬಸು. ಬಾಗಲಕೋಟಿ ಹಿನ್ನೀರಿಗೆ ಈಜಾಕ ಹೋದಾಂವ ತಿರುಗಿ ಬರಲಿಲ್ಲ. ನಾ ಅವನ ಜೋಡಿ ಒಂದ ತಾಟಿನ್ಯಾಗ ಉಂಡಾಂವ. ಇಮಾಮಸಾಬಗ ಬಸು ಯಾರಂತನೂ ಗೊತ್ತಿಲ್ಲ... ಆದ್ರ ಕಥ್ಯಾಗ ನೀರು ಬರೂ ಮೊದಲ ಆಕೀನ ಕೇಳಿದಾಂವ ಆ ಟೇಲರನ, ನಾ ಅಲ್ಲ.

"ಮೊದಲ ಹೇಳಿದ್ರ ಸಸ್ಪೆನ್ಸ್ ಹೋಗ್ತೈತಲ್ಲ" ಅಂದೆ, ಸಣ್ಣ ದನೀಲೆ.

"ಹೋಗ್ಲಿ ಬಿಡ್ರಿ. ಒಮ್ಮಿಗೇ ಬಂದ್ರ ಎದಿ ಝಲ್ ಅಂತೈತಿ. ಹೇಳಿದ್ರ ಓದ್ತೇನಿ."

ನಿನ್ನಿ ಹೊಸಾದು ಬರದೇನಿ. "ಇದರಾಗ ಹೊಳಿ ಐತಿ. ಹೀರೋ ಈಜಿ ದಂಡಿಗೆ ಬರ್ತಾನ. ಬ್ಯಾಡಾದ್ರ ಬಿಡ್ರಿ, ಬರದಾಂವ ಬಾಜೂಕ ಕುಂತಾನ."

ಶಾಂತಾ ಪೂರ್ತಿ ಓದಿದ್ಲು. ಹೀರೋ ದಂಡಿಗೆ ಬಂದಾಗ ಸೆರಗಿಲೆ ಕಣ್ಣ ಒರಸಿಕೊಂಡು, ನನ್ನ ನೋಡಿ ನಕ್ಕಳು.

"ಮತ್ತ ಹೃದಯ?" ಅಂದೆ.

"ನಿಮ್ಮ ಕಥಿಗೆ ನಿಮ್ಮ ಫೋನಿಲೇ ಒತ್ತಿದ್ರ ಮಂದಿ ಏನಂತಾರಿ?" ಅಂದು ರೊಟ್ಟಿ ಬಡ್ಯಾಕ ಹೋದ್ಲು.

ನನ್ನ ಕಥಿ ಕೆಳಗ ಖಾಲಿ ಐತಿ, ಟೇಲರನ ಕಥಿ ಕೆಳಗ ನನ್ನ ಹೆಸರಿಂದು ಇನ್ನೂ ಕೆಂಪಗ ಕುಂತೈತಿ... ಕೊಟ್ಟ ಹೃದಯ ಆಕೀಗೆ ಗೊತ್ತಾಗದಂಗ ವಾಪಸ್ ತಗೊಳ್ಳೂದು ಹೆಂಗಂತ ಯಾರಿಗರೆ ಗೊತ್ತೈತೇನ್ರಿ?