ಹೊಂಗೆ ಮರದ ದುಪಟ್ಟಾ

ನಮ್ಮ ಪಕ್ಕದ ಮನೆಯ ಅಕ್ಬರ್ ಪಾಷಾ ಕೂತದ್ದನ್ನು ಹೆಬ್ಬಾಳದಲ್ಲಿ ನೋಡಿದವರೇ ಕಡಿಮೆ. ಫ್ಯಾಕ್ಟರಿಯಲ್ಲಿ ದಿನವಿಡೀ ಲೇತ್ ಯಂತ್ರದ ಮುಂದೆ ನಿಂತು, ಮನೆಗೆ ಬಂದ ಮೇಲೂ ನಿಂತೇ ಚಹಾ ಕುಡಿಯುತ್ತಿದ್ದ ಪುಣ್ಯಾತ್ಮ. ಎಪ್ಪತ್ತೆಂಟನೇ ಇಸವಿಯಲ್ಲಿ ಮಗಳಿಗೆ ಹೆರಿಗೆ ನೋವು ಕಾಣಿಸಿದ ಬೆಳಿಗ್ಗೆಯಂತೂ ಕೇಳುವುದೇ ಬೇಡ. ಅವಳ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು.

"ನೀವು ಬಾಗಿಲಲ್ಲಿ ಹಿಂಗೆ ಸುತ್ತುತಾ ಇದ್ರೆ ಹುಡುಗಿ ಇನ್ನೂ ಹೆದರ್ಕೋತಾಳೆ," ಎಂದು ಹೆಂಡತಿ ಮಲ್ಕಾ ಗಾಳದ ದಾರವನ್ನು ಅವನ ಕೈಗೆ ತುರುಕಿದಳು. "ಬಾಣಂತಿಗೆ ಸಾರು ಮಾಡೋಕೆ ಮೀನು ತನ್ನಿ, ಹೋಗಿ. ತಾಯಿ ಮಗು ಚೆನ್ನಾಗಿದ್ರೆ ಕೆರೆ ಏರಿ ಮೇಲಿನ ಹೊಂಗೆ ಮರಕ್ಕೆ ನನ್ನ ಹಸಿರು ದುಪಟ್ಟಾ ಕಟ್ಟಿಸ್ತೀನಿ."

ಏರಿಯ ಹಿಂದೆ, ಮರ ಕಾಣದ ಕಡೆ, ಎರೆಹುಳ ಅಗೆಯುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಅಂಬಿಗ ಚಿಕ್ಕಹನುಮಯ್ಯ ತನ್ನ ತೆಪ್ಪದಲ್ಲಿ ಅವನನ್ನು ಕೆರೆಯ ನಡುವೆ ಕರೆದೊಯ್ದ. ಬಾಳೆಮೀನು ತಳದಲ್ಲಿರುತ್ತದೆ. ಪಾಷಾ ಭಾರಕ್ಕೆ ಫ್ಯಾಕ್ಟರಿಯ ನಟ್ಟು ಕಟ್ಟಿ ಗಾಳ ಇಳಿಬಿಟ್ಟ. ದಾರ ಬೆರಳ ಮೇಲೆ, ಕಣ್ಣು ಮರದ ಮೇಲೆ. ನಟ್ಟು ತಳ ಮುಟ್ಟುವ ಮೊದಲೇ ಎಳೆದು ನೋಡುತ್ತಿದ್ದ. ಎರಡು ಸಲ ಎದ್ದು ನಿಂತ, ತೆಪ್ಪ ವಾಲಿತು.

"ಕುಂತ್ಕಳಿ ಸಾಬ್ರೇ! ಮೀನ್ ಇಡಿಯಾಕ್ ಬಂದಿದ್ದೀರೋ, ನನ್ನ ಮುಳುಗ್ಸಾಕೋ?"

ಬಿಸಿಲೇರಿತು. ಮರದಲ್ಲಿ ಏನೂ ಇಲ್ಲ. ಈ ಮಗುವೂ ಹೋಯಿತೇನೋ ಎಂದು ಅವನ ಜೀವ ಬಾಯಿಗೆ ಬಂದಿತ್ತು. ದಡದಲ್ಲಿ ಬಟ್ಟೆ ಒಗೆಯುವ ಮಾರಮ್ಮ ಒಂದೊಂದಾಗಿ ಒಣಹಾಕುತ್ತಿದ್ದಳು. ಬಿಳಿ, ಕೆಂಪು, ಆಮೇಲೊಂದು ಹಸಿರು.

"ಅದು ನಮ್ದೇನಾ?"

"ಯಾರಿಗ್ ಗೊತ್ತು? ಮರದಾಗಿಲ್ವಲ್ಲ, ಬಂಡೆ ಮ್ಯಾಲೈತೆ."

ಅಷ್ಟರಲ್ಲಿ ದಾರ ಬೆರಳು ಕೊಯ್ಯುವಷ್ಟು ಬಿಗಿಯಿತು. ಅಂಥ ಮೀನು ಹತ್ತು ವರ್ಷದಲ್ಲಿ ಅವನ ಗಾಳಕ್ಕೆ ಬಿದ್ದಿರಲಿಲ್ಲ. ಪಾಷಾ ದಾರವನ್ನು ಹಲ್ಲಿನಿಂದ ಕಡಿದುಬಿಟ್ಟ. "ದಡಕ್ಕೆ ನಡಿ," ಎಂದ.

"ನಿಮ್ಮನೇದೇ ಸಾಬ್ರೇ," ಎಂದಳು ಮಾರಮ್ಮ. "ನೀವು ಉಳ ಅಗೀತಿದ್ರಲ್ಲ, ಆವಾಗ್ಲೇ ಮರಕ್ಕೆ ಕಟ್ಟಿತ್ತು. ಎಲ್ರೂ ನಂಗೆ ಬಟ್ಟೆ ಬಿಟ್ಟೋಗೋದು ಆ ಮರದ ತಾವೇ ಅಲ್ವ? ಅಮ್ಮಾವ್ರು ಒಗೆಯಾಕ್ ಬಿಟ್ಟವ್ರೆ ಅಂತ ಬಿಚ್ಕಂಡ್ ಬಂದು ಸೋಪಾಕಿ ಒಗೆದೆ. ಯಾಕೆ, ಏನಾಯ್ತು?"

ಮೊಮ್ಮಗಳು ಹುಟ್ಟಿ ಆಗಲೇ ಎರಡು ಗಂಟೆಯಾಗಿತ್ತು.

ಪಾಷಾ ಒದ್ದೆ ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತ. ಬಿಕ್ಕಿಬಿಕ್ಕಿ ಅತ್ತ. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ.

ಕೊನೆಗೆ ಚಿಕ್ಕಹನುಮಯ್ಯನೇ ಹೇಳಬೇಕಾಯಿತು: "ಇನ್ನ ಎದ್ದೇಳಿ ಸಾಬ್ರೇ."